ಗಾಲಿಗೆ ಯಾವ ಬಣ್ಣ?

ಅಂದಕ್ಕೆಂದು ಬಳಿಯುವ ಬಣ್ಣವೇ ಲಾರಿಯ ಆಯುಸ್ಸನ್ನೂ ನಿರ್ಧರಿಸಬಹುದು. ಶಾಲೆಯಲ್ಲಿ ಓದುವ ಭೌತಶಾಸ್ತ್ರ, ರಸಾಯನಶಾಸ್ತ್ರದ ಪಾಠಗಳು ಗ್ಯಾರೇಜಿನ ಅಂಗಳದಲ್ಲಿ ಹೇಗೆ ಕೆಲಸಕ್ಕೆ ಬರುತ್ತವೆ ಎಂಬುದಕ್ಕೆ ಇಲ್ಲೊಂದು ಉದಾಹರಣೆ.

ಆಯುಧಪೂಜೆಗೆ ಇನ್ನು ಹದಿನೈದು ದಿನ ಇದೆ ಎನ್ನುವಾಗಲೇ ಹೊಸಪೇಟೆ, ಹರಪನಹಳ್ಳಿ, ದಾವಣಗೆರೆಯ ಗ್ಯಾರೇಜುಗಳ ಮುಂದೆ ಲಾರಿಗಳು ಸಾಲುಗಟ್ಟುತ್ತವೆ. ಕ್ಯಾಬಿನ್ನಿಗೆ ಹೊಸ ಬಣ್ಣ, ಬಾಡಿಯ ಹಲಗೆಗಳಿಗೆ ಹೂಬಳ್ಳಿ, ಹಿಂಬದಿಗೆ ನವಿಲೋ ಕಮಲವೋ, ನೆತ್ತಿಯ ಮೇಲೆ ಮನೆದೇವರ ಹೆಸರು. ಇದಕ್ಕೆಲ್ಲ ಮಾಲೀಕರು ದಿನಗಟ್ಟಲೆ ಚರ್ಚಿಸುತ್ತಾರೆ. ಎಲ್ಲ ಮುಗಿದ ಮೇಲೆ ಪೇಂಟರ್ ಕೇಳುವ ಪ್ರಶ್ನೆ ಒಂದೇ: ‘ಗಾಲಿಗೆ ಯಾವ್ದು ಹಾಕ್ಲಿ?’ ಬರುವ ಉತ್ತರವೂ ಒಂದೇ: ‘ಉಳಿದಿದ್ದು ಹಾಕಿಬಿಡಪ್ಪಾ!’

ಹೀಗೆ ಉಳಿದ ಬಣ್ಣ ಬಳಿಸಿಕೊಳ್ಳುವ ಗಾಲಿಗಳ ಮೇಲೆ ಎಷ್ಟು ಭಾರ ಬೀಳುತ್ತದೆ ಗೊತ್ತೆ? ಹತ್ತು ಗಾಲಿಗಳ, ಮೂರು ಅಚ್ಚಿನ ಲಾರಿಯ ಒಟ್ಟು ತೂಕದ ಮಿತಿಯನ್ನು ಕೇಂದ್ರ ಸರ್ಕಾರ 2018ರಲ್ಲಿ 25 ಟನ್ನಿನಿಂದ 28.5 ಟನ್ನಿಗೆ ಏರಿಸಿತು. ಸರಾಸರಿ ಲೆಕ್ಕದಲ್ಲಿ ಒಂದೊಂದು ಗಾಲಿಯ ಮೇಲೆ 2,850 ಕೆ.ಜಿ. ಇಪ್ಪತ್ತು ಇಂಚಿನ ರಿಮ್ಮಿನ ಲಾರಿ ಟೈರು ಒಂದು ಸುತ್ತಿಗೆ ಕ್ರಮಿಸುವ ದೂರ ಹೆಚ್ಚು ಕಡಿಮೆ 3.3 ಮೀಟರ್. ಅಂದರೆ ಕಿಲೋಮೀಟರಿಗೆ ಸುಮಾರು 300 ಸುತ್ತು. 400 ಕಿ.ಮೀ. ದೂರದ ಒಂದೇ ಪ್ರಯಾಣದಲ್ಲಿ 1 ಲಕ್ಷ 20 ಸಾವಿರ ಸುತ್ತು. ಪ್ರತಿ ಸುತ್ತಿನಲ್ಲೂ ಗಾಲಿಯ ಉಕ್ಕಿನ ತಟ್ಟೆ ಕಣ್ಣಿಗೆ ಕಾಣದಷ್ಟು ಬಾಗಿ ಮತ್ತೆ ನೆಟ್ಟಗಾಗುತ್ತದೆ. ತಂತಿಯನ್ನು ಹಿಂದಕ್ಕೂ ಮುಂದಕ್ಕೂ ಬಗ್ಗಿಸುತ್ತ ಹೋದರೆ ಕೊನೆಗೆ ತುಂಡಾಗುವುದನ್ನು ಮಕ್ಕಳೆಲ್ಲ ನೋಡಿದ್ದಾರೆ. ಎಂಜಿನಿಯರುಗಳು ಇದನ್ನು ಲೋಹದ ದಣಿವು ಎನ್ನುತ್ತಾರೆ. ದಣಿದ ಉಕ್ಕಿನಲ್ಲಿ ಬಿರುಕು ಹುಟ್ಟುವುದು ಸಾಮಾನ್ಯವಾಗಿ ಬೋಲ್ಟಿನ ರಂಧ್ರದ ಅಂಚಿನಲ್ಲಿ, ಗಾಳಿಯಾಡಲು ಬಿಟ್ಟ ಕಿಂಡಿಯ ಅಂಚಿನಲ್ಲಿ, ಇಲ್ಲವೇ ತುಕ್ಕು ಕೊರೆದ ಸಣ್ಣ ಗುಳಿಯಲ್ಲಿ.

ಆದ್ದರಿಂದ ಗಾಲಿಯ ಬಣ್ಣಕ್ಕೆ ಮೂರು ಕೆಲಸಗಳಿವೆ. ತುಕ್ಕು ಬಾರದಂತೆ ತಡೆಯುವುದು ಒಂದು. ಬಿರುಕು ಬಂದರೆ, ನಟ್ಟು ಸಡಿಲವಾದರೆ ಮುಚ್ಚಿಡದೆ ತೋರಿಸುವುದು ಎರಡು. ಅಂದ ಕೊನೆಯದು.

ಕೀಲೆಣ್ಣೆಯ ಕಾಲದಿಂದ

ಗಾಲಿಯ ಆರೈಕೆ ಈ ಸೀಮೆಗೆ ಹೊಸದಲ್ಲ. ಕೂಡ್ಲಿಗಿ, ಹಡಗಲಿ, ಹಗರಿಬೊಮ್ಮನಹಳ್ಳಿ ಕಡೆಯ ಎತ್ತಿನ ಬಂಡಿಗಳಲ್ಲಿ ಮರದ ಗಾಲಿಯ ಸುತ್ತ ಕಬ್ಬಿಣದ ಪಟ್ಟಿಯನ್ನು ಕೆಂಪಗೆ ಕಾಯಿಸಿ ತೊಡಿಸುತ್ತಿದ್ದರು. ನೀರು ಸುರಿದಾಗ ಪಟ್ಟಿ ಕುಗ್ಗಿ ಮರವನ್ನು ಬಿಗಿಯಾಗಿ ಅಪ್ಪಿಕೊಳ್ಳುತ್ತಿತ್ತು. ಅಚ್ಚಿಗೆ ಹರಳೆಣ್ಣೆ ಬೆರೆಸಿದ ಕೀಲೆಣ್ಣೆ. ಗಾಲಿ ಕಳಚದಂತೆ ಕಡೆಗೀಲು. ಬಂಡಿ ಕಟ್ಟುವ ಮೊದಲು ಕಡೆಗೀಲು ನೋಡದ ರೈತನಿರಲಿಲ್ಲ. ಬಂಡಿಗೆ ಬಣ್ಣ ಬಳಿಯದಿದ್ದರೂ ನಡೆದೀತು, ಕಡೆಗೀಲು ಇಲ್ಲದೆ ನಡೆಯದು ಎಂಬ ವಿವೇಕ ಅದು.

ತೇರಿನ ಮಾತೂ ಹೀಗೆಯೇ. ಕೊಟ್ಟೂರಿನ ಗುರು ಬಸವೇಶ್ವರನ ರಥೋತ್ಸವಕ್ಕೆ ಲಕ್ಷಾಂತರ ಜನ ಸೇರುತ್ತಾರೆ. 2017ರ ಫೆಬ್ರುವರಿ 21ರಂದು ಆ ಎತ್ತರದ ತೇರು ಅಚ್ಚು ಮುರಿದು ಉರುಳಿತು, ಹಲವರು ಗಾಯಗೊಂಡರು. ಎಷ್ಟೇ ಹೂವು, ಎಷ್ಟೇ ಪತಾಕೆ ಮೇಲಿದ್ದರೂ ಇಡೀ ಭಾರ ನಿಂತಿರುವುದು ಕೆಳಗಿನ ಅಚ್ಚು ಮತ್ತು ಗಾಲಿಗಳ ಮೇಲೆ ಎಂಬುದನ್ನು ಅಂದಿನ ಘಟನೆ ಈ ಭಾಗದ ಜನರಿಗೆ ನೆನಪಿಸಿತು.

ಅಂದ ಬೇಡವೆಂದೇನೂ ಅಲ್ಲ. ಹಂಪಿಯ ವಿಠ್ಠಲ ದೇವಾಲಯದ ಕಲ್ಲಿನ ರಥಕ್ಕೂ ಒಂದು ಕಾಲದಲ್ಲಿ ಬಣ್ಣವಿತ್ತು. ಮಳೆ ಬಿಸಿಲು ತಾಗದ ಅದರ ತಳಭಾಗದಲ್ಲಿ ಬಣ್ಣದ ಕುರುಹು ಉಳಿದಿದೆ. ಇನ್ನೂ ಹಿಂದಕ್ಕೆ ಹೋದರೆ ನೀಲಗುಂದದ ಭೀಮೇಶ್ವರ, ಬಾಗಳಿಯ ಕಲ್ಲೇಶ್ವರ, ಕುರುವತ್ತಿಯ ಮಲ್ಲಿಕಾರ್ಜುನ ಗುಡಿಗಳಿವೆ. ಇವು ಕಲ್ಯಾಣ ಚಾಲುಕ್ಯರ ಕಾಲದ ಕೆಲಸ. ಆ ಕಾಲದ ಶಿಲ್ಪಿಗಳು ಬಳಪದ ಕಲ್ಲಿನ ಕಂಬಗಳನ್ನು ತಿರುಗಣೆಗೆ ಕೊಟ್ಟು ಕನ್ನಡಿಯಂತೆ ನಯಗೊಳಿಸುತ್ತಿದ್ದರು. ಬಣ್ಣ ಮೇಲಿನಿಂದ ಬರುವ ಲೇಪ. ನಯ ಆ ವಸ್ತುವಿನದೇ ಹೊಳಪು. ಇಂದು ಲಾರಿಯ ಗಾಲಿ ಕೊಳ್ಳುವವರ ಮುಂದಿರುವ ಆಯ್ಕೆಗಳೂ ಈ ಎರಡು ಬಗೆಯವೇ.

ಏನೇನು ಆಯ್ಕೆಗಳಿವೆ?

ನಮ್ಮ ರಸ್ತೆಯ ಲಾರಿಗಳಲ್ಲಿ ಬಹುಪಾಲು ಉಕ್ಕಿನ ಗಾಲಿಗಳೇ. ಕಾರ್ಖಾನೆಯಲ್ಲಿ ಉಕ್ಕನ್ನು ತೊಳೆದು, ಫಾಸ್ಫೇಟ್ ದ್ರಾವಣದಲ್ಲಿ ಅದ್ದಿ, ಬಳಿಕ ಬಣ್ಣದ ತೊಟ್ಟಿಯಲ್ಲಿ ಮುಳುಗಿಸಿ ವಿದ್ಯುತ್ ಹರಿಸುತ್ತಾರೆ. ವಿರುದ್ಧ ವಿದ್ಯುದಂಶಗಳು ಆಕರ್ಷಿಸುತ್ತವೆ ಎಂಬ ಹೈಸ್ಕೂಲಿನ ಪಾಠವೇ ಇಲ್ಲಿ ಕೆಲಸ ಮಾಡುತ್ತದೆ. ಬಣ್ಣದ ಕಣಗಳು ಗಾಲಿಯ ಮೂಲೆ ಮೂಲೆಗೂ ಹೋಗಿ ಅಂಟುತ್ತವೆ. ಈ ಲೇಪದ ದಪ್ಪ ಸುಮಾರು 20 ಮೈಕ್ರಾನ್ ಮಾತ್ರ. ಮನುಷ್ಯನ ತಲೆಗೂದಲು ಸುಮಾರು 70 ಮೈಕ್ರಾನ್ ದಪ್ಪ ಎಂದರೆ ಇದೆಷ್ಟು ತೆಳು ಎಂದು ತಿಳಿದೀತು. ತೆಳುವಾದರೂ ಎಲ್ಲೂ ತೂತಿಲ್ಲದೆ ಕೂಡುವುದರಿಂದ ತುಕ್ಕನ್ನು ಚೆನ್ನಾಗಿ ತಡೆಯುತ್ತದೆ.

ಎರಡನೆಯದು ಪುಡಿ ಲೇಪ, ಅಂದರೆ ಪೌಡರ್ ಕೋಟಿಂಗ್. ಒಣ ಬಣ್ಣದ ಪುಡಿಗೆ ವಿದ್ಯುದಂಶ ತುಂಬಿ ಎರಚಿ, ಸುಮಾರು 160ರಿಂದ 200 ಡಿಗ್ರಿ ಶಾಖದ ಭಟ್ಟಿಯಲ್ಲಿಟ್ಟು ಕರಗಿಸುತ್ತಾರೆ. ದಪ್ಪ ಸಾಮಾನ್ಯವಾಗಿ 60ರಿಂದ 80 ಮೈಕ್ರಾನ್. ಕಲ್ಲಿನ ಏಟು ತಡೆಯುವಲ್ಲಿ ಗಟ್ಟಿ. ಆದರೆ ಒಂದು ಕಡೆ ಸೀಳಿತೆಂದರೆ ಒಳಗೆ ನೀರು ಹೊಕ್ಕು, ಮೇಲೆ ಹೊಳಪಿದ್ದಂತೆಯೇ ಅಡಿಯಲ್ಲಿ ತುಕ್ಕು ಹರಡಬಹುದು.

ಮೂರನೆಯದು ಗ್ಯಾರೇಜಿನ ಬ್ರಷ್ಷು ಅಥವಾ ಸ್ಪ್ರೇ ಬಣ್ಣ. ಅಗ್ಗ, ಎಲ್ಲೆಡೆ ಸಿಗುತ್ತದೆ, ಸರಿಯಾಗಿ ಮಾಡಿದರೆ ಸಾಕಷ್ಟು ಬಾಳುತ್ತದೆ. ಕೆಂಪು ಆಕ್ಸೈಡ್ ಪ್ರೈಮರಿನ ವಿಚಾರದಲ್ಲಿ ಒಂದು ಸ್ವಾರಸ್ಯವಿದೆ. ಅದರ ಕೆಂಪು, ಕಬ್ಬಿಣದ ಆಕ್ಸೈಡಿನ ಕೆಂಪು. ಸಂಡೂರಿನ ಗುಡ್ಡಗಳ ಹೆಮಟೈಟ್ ಅದಿರೂ ಅದೇ ಕಬ್ಬಿಣದ ಆಕ್ಸೈಡ್. ತುಕ್ಕು ಅದರ ನೀರು ಕೂಡಿದ ರೂಪ. ಆಗಲೇ ಆಮ್ಲಜನಕದೊಡನೆ ಕೂಡಿ ತಣ್ಣಗಾದ ಪುಡಿಯನ್ನು ಎಣ್ಣೆಯಲ್ಲಿ ಕಲಸಿ, ಇನ್ನೂ ತುಕ್ಕು ಹಿಡಿಯಬೇಕಾದ ಉಕ್ಕಿಗೆ ರಕ್ಷಾಕವಚವಾಗಿ ಬಳಿಯುತ್ತೇವೆ!

ನಾಲ್ಕನೆಯದು ಕ್ರೋಮ್. ಬೆಳ್ಳಿಯಂತೆ ಮಿರುಗುವ ಈ ಲೇಪದಲ್ಲಿ ಹೊಳೆಯುವ ಕ್ರೋಮಿಯಂ ಪದರ ಸಾಮಾನ್ಯವಾಗಿ ಒಂದು ಮೈಕ್ರಾನಿಗಿಂತಲೂ ತೆಳು. ನಿಜವಾದ ರಕ್ಷಣೆ ಅದರಡಿಯ ನಿಕಲ್ಲಿನದು. ಕಲ್ಲು ಬಡಿದು ಪದರ ಒಡೆದರೆ, ಕರಾವಳಿಯ ಉಪ್ಪುಗಾಳಿ ತಾಗಿದರೆ ಚುಕ್ಕೆ ಚುಕ್ಕೆಯಾಗಿ ತುಕ್ಕು ಏಳುತ್ತದೆ. ಇದಕ್ಕಿಂತ ದೊಡ್ಡ ಅಪಾಯ ಬೋಲ್ಟು, ನಟ್ಟುಗಳಿಗೆ ಕ್ರೋಮ್ ಮಾಡಿಸುವುದರಲ್ಲಿದೆ. ಲೇಪದ ತೊಟ್ಟಿಯಲ್ಲಿ ಹುಟ್ಟುವ ಜಲಜನಕ ಗಟ್ಟಿ ಉಕ್ಕಿನೊಳಗೆ ನುಸುಳಿ ಅದನ್ನು ಗಾಜಿನಂತೆ ಪೆಡಸಾಗಿಸಬಲ್ಲದು. ಕೂಡಲೇ ಕಾಯಿಸಿ ಜಲಜನಕವನ್ನು ಹೊರಹಾಕದಿದ್ದರೆ, ಯಾವ ಮುನ್ಸೂಚನೆಯೂ ಇಲ್ಲದೆ ಬೋಲ್ಟು ತುಂಡಾಗಬಹುದು.

ಐದನೆಯದು ಅಲ್ಯುಮಿನಿಯಂ ಗಾಲಿ. ಒತ್ತಿ ಬಡಿದು ರೂಪಿಸಿದ ಅಲ್ಯುಮಿನಿಯಂ ಲಾರಿ ಗಾಲಿಯನ್ನು ಅಮೆರಿಕದ ಅಲ್ಕೋವಾ ಕಂಪೆನಿ 1948ರಲ್ಲಿ ತಂದಿತು. ಇದಕ್ಕೆ ಬಣ್ಣವೇ ಬೇಡ. ಗಾಳಿ ತಾಗಿದೊಡನೆ ಅಲ್ಯುಮಿನಿಯಂ ತನ್ನ ಮೈಮೇಲೆ ತಾನೇ ಆಕ್ಸೈಡಿನ ತೆಳುಪೊರೆ ಹೊದ್ದುಕೊಳ್ಳುತ್ತದೆ. ಕಬ್ಬಿಣದ ತುಕ್ಕು ಉದುರುತ್ತ ಒಳಗಿನ ಲೋಹವನ್ನು ತಿನ್ನುತ್ತದೆ, ಅಲ್ಯುಮಿನಿಯಂನ ಪೊರೆ ಒಳಗಿನ ಲೋಹವನ್ನು ಕಾಯುತ್ತದೆ. 22.5 ಇಂಚಿನ ಉಕ್ಕಿನ ಗಾಲಿ 35ರಿಂದ 40 ಕೆ.ಜಿ. ತೂಗಿದರೆ ಇದು 25 ಕೆ.ಜಿ. ಆಸುಪಾಸು. ಹತ್ತು ಗಾಲಿಗಳಿಗೆ ಒಂದು ಕ್ವಿಂಟಲಿಗೂ ಮಿಕ್ಕಿ ಉಳಿತಾಯ, ಅಷ್ಟು ಮೆಕ್ಕೆಜೋಳವನ್ನು ಹೆಚ್ಚಾಗಿ ಹೇರಬಹುದು. ಆದರೆ ಬೆಲೆ ಉಕ್ಕಿನ ಗಾಲಿಗಿಂತ ಬಹಳ ಹೆಚ್ಚು. ಉಕ್ಕಿನ ಹಬ್ಬಿಗೆ ತಾಗುವಲ್ಲಿ ನೀರು ನಿಂತರೆ ಎರಡು ಲೋಹಗಳ ನಡುವೆ ಪುಟ್ಟ ಬ್ಯಾಟರಿಯೇ ಹುಟ್ಟಿ ಅಲ್ಯುಮಿನಿಯಂ ಸವೆಯುತ್ತದೆ. ಭಟ್ಟಿಯಲ್ಲಿಟ್ಟು ಪುಡಿ ಲೇಪ ಮಾಡಿಸಿದರೆ ಶಾಖಕ್ಕೆ ಅದರ ಬಲವೇ ಕುಗ್ಗಬಹುದು. ಆದ್ದರಿಂದ ತಯಾರಕರ ಅನುಮತಿಯಿಲ್ಲದೆ ಆ ಸಾಹಸ ಸಲ್ಲದು.

ಕೂದಲೆಳೆಯ ಲೆಕ್ಕ

‘ದಪ್ಪಗೆ ಬಳಿದರೆ ಹೆಚ್ಚು ಬಾಳಿಕೆ’ ಎಂಬ ಮಾತು ಮನೆಯ ಕಿಟಕಿಗೆ ಒಪ್ಪಬಹುದು. ಗಾಲಿಗೆ ಒಪ್ಪದು. ಯಾಕೆಂದು ವಿದ್ಯಾರ್ಥಿಗಳು ಕಾಗದ ಪೆನ್ಸಿಲು ಹಿಡಿದು ಲೆಕ್ಕ ಹಾಕಬಹುದು.

ಹತ್ತು ಬೋಲ್ಟಿನ ದೊಡ್ಡ ಗಾಲಿಯ ನಟ್ಟುಗಳನ್ನು ಸಾಮಾನ್ಯವಾಗಿ 600 ನ್ಯೂಟನ್ ಮೀಟರ್ ಆಸುಪಾಸಿನಲ್ಲಿ ಬಿಗಿಯಬೇಕು. ನಿಖರವಾದ ಅಂಕಿ ಆಯಾ ಲಾರಿಯ ಕೈಪಿಡಿಯಲ್ಲಿರುತ್ತದೆ. ಒಂದು ಮೀಟರ್ ಉದ್ದದ ಸ್ಪ್ಯಾನರಿನ ತುದಿಯಲ್ಲಿ 60 ಕೆ.ಜಿ. ತೂಕದ ಮನುಷ್ಯ ನಿಂತರೆ ಹೆಚ್ಚು ಕಡಿಮೆ ಅಷ್ಟಾಗುತ್ತದೆ. ಆಗ ಒಂದೊಂದು ಬೋಲ್ಟೂ ಹತ್ತು ಟನ್ನಿಗೂ ಮೀರಿದ ಭಾರದಷ್ಟು ಜೋರಿನಿಂದ ಗಾಲಿಯನ್ನು ಹಬ್ಬಿಗೆ ಒತ್ತಿ ಹಿಡಿಯುತ್ತದೆ. ಗಾಲಿ ಜಾರದಂತೆ ನಿಲ್ಲಿಸುವುದು ಈ ಒತ್ತಡದಿಂದ ಹುಟ್ಟುವ ಘರ್ಷಣೆ.

ಬೋಲ್ಟಿಗೆ ಈ ಜೋರು ಎಲ್ಲಿಂದ ಬಂತು? ಬಿಗಿದಾಗ ಅದು ರಬ್ಬರಿನ ಹಾಗೆ ಕೊಂಚ ಹಿಗ್ಗುತ್ತದೆ, ಮತ್ತೆ ಕುಗ್ಗಲು ಹವಣಿಸುತ್ತದೆ. ಹಿಗ್ಗುವುದು ಉದ್ದದ ಸಾವಿರದಲ್ಲಿ ಒಂದೆರಡು ಪಾಲು. 50 ಮಿ.ಮೀ. ಉದ್ದದ ಬೋಲ್ಟು ಹೆಚ್ಚೆಂದರೆ 0.1 ಮಿ.ಮೀ. ಹಿಗ್ಗೀತು.

ಈಗ ಬಣ್ಣಕ್ಕೆ ಬನ್ನಿ. ಲಾರಿಯ ಹಿಂಭಾಗದಲ್ಲಿ ಎರಡೆರಡು ಗಾಲಿಗಳು ಜೋಡಿಯಾಗಿರುತ್ತವೆ. ಒಳಗಿನ ತಟ್ಟೆಗೆ ಎರಡು ಮುಖ, ಹೊರಗಿನದಕ್ಕೆ ಎರಡು ಮುಖ, ಒಟ್ಟು ನಾಲ್ಕು ಪದರ ಬಣ್ಣ. ಹಳೆಯ ಬಣ್ಣದ ಮೇಲೆ ಹೊಸದು ಬಳಿದು ಪ್ರತಿ ಪದರವೂ 100 ಮೈಕ್ರಾನ್ ಆಗಿದೆ ಎನ್ನೋಣ. ನಾಲ್ಕು ಸೇರಿ 0.4 ಮಿ.ಮೀ. ಲಾರಿ ಓಡುತ್ತ, ಬ್ರೇಕಿನ ಬಿಸಿ ತಾಗುತ್ತ, ಆ ಬಣ್ಣ ಹಿಂಡಿ ಹೊರಬರುತ್ತದೆ. ಅದರ ಕಾಲುಭಾಗ ತೆಳುವಾದರೂ 0.1 ಮಿ.ಮೀ. ಜಾಗ ಖಾಲಿ. ಬೋಲ್ಟು ಹಿಗ್ಗಿದ್ದೂ ಅಷ್ಟೇ! ಅಲ್ಲಿಗೆ ಬಿಗುವು ಪೂರ್ತಿ ಹೋಯಿತು. ನಟ್ಟನ್ನು ಯಾರೂ ಸಡಿಲಿಸಿಲ್ಲ, ಆದರೂ ಗಾಲಿ ಸಡಿಲ. ಮುಂದಿನದು ಬೋಲ್ಟು ತುಂಡಾಗುವುದು, ಗಾಲಿ ಕಳಚಿ ರಸ್ತೆಯ ಮೇಲೆ ಉರುಳುವುದು. ಹಾಗೆ ಉರುಳುವ ಗಾಲಿ ಮತ್ತು ಟೈರಿನ ತೂಕ ಎಂಬತ್ತು ತೊಂಬತ್ತು ಕೆ.ಜಿ. ಅದರ ದಾರಿಯಲ್ಲಿ ಶಾಲೆಯಿಂದ ಮನೆಗೆ ಹೊರಟ ಮಕ್ಕಳಿರಬಹುದು, ಸೈಕಲ್ ಸವಾರರಿರಬಹುದು.

ಇದೇ ಕಾರಣಕ್ಕೆ ವಿದೇಶಿ ಗಾಲಿ ತಯಾರಕರ ಕೈಪಿಡಿಗಳು ಗಾಲಿ ಹಬ್ಬಿಗೆ ತಾಗುವ ಮುಖದಲ್ಲಿ ಬಣ್ಣದ ದಪ್ಪ ಸುಮಾರು 75ರಿಂದ 90 ಮೈಕ್ರಾನ್ ದಾಟಬಾರದೆಂದು ಎಚ್ಚರಿಸುತ್ತವೆ. ಹೆಚ್ಚು ಕಡಿಮೆ ಒಂದು ಕೂದಲೆಳೆ!

ಕೆಂಪು ಧೂಳಿನ ಸೀಮೆ

ನಟ್ಟು ಸಡಿಲವಾದ ಗಾಲಿ ತಾನೇ ಸುದ್ದಿ ಹೇಳುತ್ತದೆ. ಲೋಹ ಲೋಹಕ್ಕೆ ಉಜ್ಜಿ ಬಂದ ಪುಡಿ ತುಕ್ಕಾಗಿ, ನಟ್ಟಿನ ಬುಡದಿಂದ ಕಂದುಕೆಂಪು ಗೆರೆಗಳು ಹೊರಚಾಚುತ್ತವೆ. ಬಿರುಕಿನ ಬಾಯಲ್ಲೂ ಇಂಥದೇ ಗೆರೆ. ಅನುಭವಿ ಚಾಲಕರು ಬೆಳಿಗ್ಗೆ ಒಂದು ಸುತ್ತು ಹಾಕಿ ಇದನ್ನೇ ನೋಡುತ್ತಾರೆ. ಬಿಳಿ, ಬೆಳ್ಳಿ, ತಿಳಿ ಹಳದಿ ಬಣ್ಣದ ಮೇಲೆ ಈ ಗೆರೆ ದೂರದಿಂದಲೇ ಎದ್ದು ಕಾಣುತ್ತದೆ. ಕಪ್ಪಿನ ಮೇಲೆ ಹುಡುಕಬೇಕು. ಕಾವಿಗೆಂಪಿನ ಮೇಲೆ ಕಾಣುವುದೇ ಇಲ್ಲ.

ಬಳ್ಳಾರಿ, ಸಂಡೂರು, ಹೊಸಪೇಟೆಯ ಲಾರಿಗಳಿಗೆ ಇನ್ನೊಂದು ತೊಡಕಿದೆ. ಅದಿರಿನ ಧೂಳೂ ಕೆಂಪು, ತುಕ್ಕಿನ ಗೆರೆಯೂ ಕೆಂಪು. ತೊಳೆಯದ ಗಾಲಿಯಲ್ಲಿ ಒಂದನ್ನು ಇನ್ನೊಂದರಿಂದ ಬೇರ್ಪಡಿಸಲಾಗದು. ತೊಳೆದಾಗ ಧೂಳು ಹೋಗುತ್ತದೆ, ತುಕ್ಕಿನ ಗೆರೆ ಉಳಿಯುತ್ತದೆ. ಈ ಭಾಗದಲ್ಲಿ ಗಾಲಿ ತೊಳೆಯುವುದು ಶೋಕಿಯಲ್ಲ, ತಪಾಸಣೆಯ ಮೊದಲ ಹೆಜ್ಜೆ.

ಈ ಸೀಮೆಯ ಅನೇಕ ಕುಟುಂಬಗಳಿಗೆ ಲಾರಿ ಎಂದರೆ ಬರೀ ವಾಹನವಲ್ಲ. 2000ದ ದಶಕದ ಅದಿರಿನ ಭರಾಟೆಯಲ್ಲಿ ಸಾಲ ಮಾಡಿ ಲಾರಿ ಕೊಂಡವರು ಬಹಳ. 2011ರ ಜುಲೈ 27ರಂದು ಲೋಕಾಯುಕ್ತ ನ್ಯಾಯಮೂರ್ತಿ ಎನ್. ಸಂತೋಷ್ ಹೆಗ್ಡೆ ಅವರು ಅಕ್ರಮ ಗಣಿಗಾರಿಕೆ ಕುರಿತ ವರದಿ ಸಲ್ಲಿಸಿದರು. ಎರಡೇ ದಿನಗಳಲ್ಲಿ, ಜುಲೈ 29ರಂದು, ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆಹಿಡಿಯಿತು. ಷರತ್ತುಗಳೊಂದಿಗೆ ಮತ್ತೆ ದಾರಿ ತೆರೆದದ್ದು ಬಹಳ ದಿನಗಳ ಮೇಲೆ. ನಡುವೆ ಅನೇಕ ಲಾರಿಗಳು ಬಾಡಿಗೆಯಿಲ್ಲದೆ ನಿಂತವು. ಓಡುವ ಗಾಲಿಗಿಂತ ನಿಂತ ಗಾಲಿಗೆ ತುಕ್ಕು ಸುಲಭ. ತೇವ ಹಿಡಿದ ಕೆಸರು ತಟ್ಟೆಗಳ ಸಂದಿಯಲ್ಲಿ ಕೂತು ಮೌನವಾಗಿ ಉಕ್ಕನ್ನು ತಿನ್ನುತ್ತದೆ.

ಅಂಥ ವಾಹನಗಳು ಕೈ ಬದಲಾಗುವಾಗ ಮೊದಲು ಆಗುವ ಅಲಂಕಾರವೇ ಹೊಸ ಬಣ್ಣ. ಆದ್ದರಿಂದ ಹಳೆಯ ಲಾರಿ ಕೊಳ್ಳುವವರು ಮಿರಿಮಿರಿ ಮಿಂಚುವ ಗಾಲಿಯನ್ನು ಕಂಡು ಸಂತೋಷಪಡುವುದಕ್ಕಿಂತ ಅನುಮಾನಪಡುವುದು ಒಳಿತು. ಒಂದು ಗಾಲಿ ಬಿಚ್ಚಿಸಿ ಒಳಮುಖ ನೋಡಬೇಕು. ನಟ್ಟುಗಳ ಮೇಲೂ ಬಣ್ಣ ಬಳಿದಿದ್ದರೆ, ಬಳಿದವರಿಗೆ ಅವಸರವಿತ್ತು ಎಂದೇ ಅರ್ಥ. ಎಂಟು ವರ್ಷ ದಾಟಿದ ಲಾರಿಗೆ ವರ್ಷಕ್ಕೊಮ್ಮೆ ಅರ್ಹತಾ ಪತ್ರ, ಅಂದರೆ ಎಫ್.ಸಿ., ಮಾಡಿಸಬೇಕು. ಎಫ್.ಸಿ.ಯ ಹಿಂದಿನ ದಿನ ಬಳಿಯುವ ಬಣ್ಣದ ಕಥೆಯೂ ಬಹಳ ಸಲ ಇದೇ.

ಸರಿಯಾಗಿ ಬಳಿಯುವುದು ಹೇಗೆ?

ಮೊದಲು ಟೈರಿನ ಗಾಳಿ ಪೂರ್ತಿ ಇಳಿಸಿ, ಟೈರನ್ನು ಬೇರ್ಪಡಿಸಿ, ಗಾಲಿಯನ್ನು ತೊಳೆಯಬೇಕು. ಹಳೆಯ ಬಣ್ಣ, ತುಕ್ಕು ಎರಡನ್ನೂ ತಂತಿ ಬ್ರಷ್ಷಿನಿಂದ ತೆಗೆದು, ಬರಿಯ ಉಕ್ಕು ಕಂಡ ಮೇಲೆ ಬೋಲ್ಟಿನ ರಂಧ್ರಗಳ ಸುತ್ತ, ಕಿಂಡಿಗಳ ಅಂಚಿನಲ್ಲಿ ಬಿರುಕು ಹುಡುಕಬೇಕು. ಬಿರುಕು ಕಂಡ ಗಾಲಿಗೆ ವೆಲ್ಡಿಂಗ್ ಮಾಡಿಸುವಂತಿಲ್ಲ, ಅದರ ಜಾಗ ಗುಜರಿ. ಟೈರು ಇರುವಾಗಲೇ ಗಾಲಿಗೆ ವೆಲ್ಡಿಂಗ್ ಹಿಡಿಯುವುದಂತೂ ಬಾಂಬಿನೊಡನೆ ಸರಸ. ಒಳಗಿನ ರಬ್ಬರು ಕಾದು ಅನಿಲವಾಗಿ ಸ್ಫೋಟಿಸಬಹುದು.

ಬಳಿಕ ಒಂದು ತೆಳುಪದರ ಪ್ರೈಮರ್, ಒಂದೆರಡು ತೆಳುಪದರ ತಿಳಿಬಣ್ಣ. ಹಬ್ಬಿಗೆ ತಾಗುವ ಮುಖ, ಬೋಲ್ಟಿನ ರಂಧ್ರ, ನಟ್ಟು ಕೂರುವ ಜಾಗ ಇವಿಷ್ಟನ್ನು ಕಾಗದ ಅಂಟಿಸಿ ಮುಚ್ಚಬೇಕು, ಇಲ್ಲವೇ ಅಲ್ಲಿ ತೀರಾ ತೆಳುವಾದ ಒಂದೇ ಪದರ ಸಾಕು. ಪೂರ್ತಿ ಒಣಗುವವರೆಗೆ ಜೋಡಿಸಬಾರದು. ನಟ್ಟುಗಳನ್ನು ಎದುರು ಬದುರಾಗಿ, ಅಳತೆಯ ಸ್ಪ್ಯಾನರಿನಿಂದ ಬಿಗಿಯಬೇಕು. ನೂರು ಕಿಲೋಮೀಟರಿನಷ್ಟು ಓಡಿದ ಮೇಲೆ ಮತ್ತೊಮ್ಮೆ ಬಿಗಿಯಬೇಕು. ಈ ಎರಡನೆಯ ಬಿಗಿತವೇ ಮೇಲೆ ಹೇಳಿದ ಕೂದಲೆಳೆಯ ಲೆಕ್ಕಕ್ಕೆ ಉತ್ತರ.

ಮಕ್ಕಳ ಮುಂದಿನ ದಾರಿ

ಬಣ್ಣ ಬಳಿಯುವುದು ಓದದವರ ಕೆಲಸ ಎಂಬ ಭಾವನೆ ಅನೇಕ ಪಾಲಕರಲ್ಲಿದೆ. ಲೋಹದ ಮೈಗೆ ರಕ್ಷಣೆ ಕೊಡುವುದು ಇಂದು ದೊಡ್ಡ ತಾಂತ್ರಿಕ ವಿದ್ಯೆ. ಐ.ಟಿ.ಐ.ಗಳಲ್ಲಿ ಪೇಂಟರ್, ಎಲೆಕ್ಟ್ರೋಪ್ಲೇಟರ್, ಡೀಸೆಲ್ ಮೆಕ್ಯಾನಿಕ್ ತರಬೇತಿಗಳಿವೆ. ಡಿಪ್ಲೊಮಾ ಮುಗಿಸಿದವರಿಗೆ ವಾಹನ ಕಾರ್ಖಾನೆಗಳ ಬಣ್ಣದ ವಿಭಾಗಗಳಿವೆ. ರಸಾಯನಶಾಸ್ತ್ರ ಇಷ್ಟಪಡುವವರಿಗೆ ತಮಿಳುನಾಡಿನ ಕಾರೈಕುಡಿಯಲ್ಲಿ ಕೇಂದ್ರೀಯ ವಿದ್ಯುತ್‌ರಾಸಾಯನಿಕ ಸಂಶೋಧನಾ ಸಂಸ್ಥೆ ಇದೆ. 1948ರಲ್ಲಿ ಶಂಕುಸ್ಥಾಪನೆಯಾದ ಈ ಸಂಸ್ಥೆಯ ಮುಖ್ಯ ಅಧ್ಯಯನಗಳಲ್ಲಿ ತುಕ್ಕು ಮತ್ತು ಅದರ ತಡೆಯೂ ಒಂದು.

ಆದರೆ ಕೆಲಸಕ್ಕೆ ಕಳಿಸುವ ಮುನ್ನ ಪಾಲಕರು ಒಂದು ಮಾತು ವಿಚಾರಿಸಬೇಕು: ಅಲ್ಲಿ ಮುಖಕ್ಕೆ ಮುಸುಕು ಇದೆಯೆ? ಎರಡು ಡಬ್ಬಿ ಬೆರೆಸುವ ಪಾಲಿಯುರೆಥೇನ್ ಬಣ್ಣದ ಆವಿಯಲ್ಲಿರುವ ಐಸೊಸಯನೇಟ್ ಉಬ್ಬಸ ತರುತ್ತದೆ. ಮರಳು ಎರಚಿ ತುಕ್ಕು ತೆಗೆಯುವಾಗ ಏಳುವ ಧೂಳು ಶ್ವಾಸಕೋಶವನ್ನು ಕಲ್ಲಾಗಿಸುವ ಸಿಲಿಕೋಸಿಸ್ ಕಾಯಿಲೆಗೆ ದಾರಿ. ಕ್ರೋಮ್ ತೊಟ್ಟಿಯ ಆರು ವೇಲೆನ್ಸಿಯ ಕ್ರೋಮಿಯಂ ಕ್ಯಾನ್ಸರ್‌ಕಾರಕ. ಮೂಗಿಗೆ ಕಟ್ಟಿದ ಕರವಸ್ತ್ರ ಇವುಗಳಲ್ಲಿ ಯಾವುದನ್ನೂ ತಡೆಯದು. ಗಾಲಿಗೆ ಕವಚ ಕೊಡುವ ಹುಡುಗನಿಗೂ ಕವಚ ಬೇಕಲ್ಲವೆ?

ಹಾಗಾದರೆ ಕೊನೆಗೆ ಯಾವ ಬಣ್ಣ? ನೀಲಗುಂದದಂಥ ಊರಿನಿಂದ ಮೆಕ್ಕೆಜೋಳ, ಶೇಂಗಾ ಹೇರಿಕೊಂಡು ಹೊರಡುವ ಲಾರಿಗೆ, ಅದಿರಿನ ದಾರಿಯ ಲಾರಿಗೆ, ಕಾರ್ಖಾನೆಯ ಮೂಲ ಲೇಪ ಕೆಡದಂತೆ ನೋಡಿಕೊಳ್ಳುವುದು ಮೊದಲು. ಅದು ಹೋದ ಮೇಲೆ ತಿಳಿಬಣ್ಣದ ತೆಳುಲೇಪ. ದೂರದ ಊರುಗಳಿಗೆ ಸದಾ ಓಡುವ, ತೂಕದ ಉಳಿತಾಯದಿಂದ ಹಣ ಮರಳಿ ಬರುವ ಲಾರಿಗೆ ಅಲ್ಯುಮಿನಿಯಂ ಯೋಚಿಸಬಹುದು. ಕ್ರೋಮಿನ ಹೊಳಪು ಬೇಕೇ ಬೇಕೆಂದರೆ ಹಬ್ಬಿನ ಟೊಪ್ಪಿಗೆಗೆ ಇರಲಿ, ಭಾರ ಹೊರುವ ಬೋಲ್ಟಿಗೆ ಬೇಡ. ‘ಉಳಿದಿದ್ದು ಹಾಕಿಬಿಡಪ್ಪಾ’ ಎನ್ನುವ ತಂದೆಯನ್ನು ತಡೆದು, ಕೂದಲೆಳೆಯ ಲೆಕ್ಕವನ್ನು ವಿವರಿಸಬಲ್ಲ ಮಗನೋ ಮಗಳೋ ಮನೆಯಲ್ಲಿದ್ದರೆ ಶಾಲೆಗೆ ಕಟ್ಟಿದ ಫೀಸು ಸಾರ್ಥಕ.